ಗುರುವಾರ ರಜೆಯಿರುವ ಶಾಲೆ

ಅವರನ್ನು ನೆನೆದಾಗ ನನಗೆ ಮೊದಲು ಕಾಣುವುದು ಅವರ ಬಲಗೈಯ ಹೆಬ್ಬೆರಳು. ಯಾವ ವಸ್ತು ಕೈಗೆ ಬಂದರೂ ಅದರ ಅಂಚಿನ ಮೇಲೆ ಆ ಬೆರಳನ್ನು ಒಮ್ಮೆ ನಿಧಾನವಾಗಿ ಎಳೆಯುತ್ತಿದ್ದರು. ನಮ್ಮ ಮನೆಯ ಸ್ಟೀಲ್ ಲೋಟ, ಹೊಸದಾಗಿ ಕೂರಿಸಿದ ಚಿಲಕ, ನನ್ನ ಮಗನ ಕಂಪಾಸ್ ಪೆಟ್ಟಿಗೆ, ಯಾವುದನ್ನೂ ಬಿಡುತ್ತಿರಲಿಲ್ಲ. "ಬರ್ ಅದ," ಎನ್ನುತ್ತಿದ್ದರು. ಲೋಹವನ್ನು ಕತ್ತರಿಸಿದಾಗ ಅಂಚಿನಲ್ಲಿ ಉಳಿಯುವ, ಕಣ್ಣಿಗೆ ಕಾಣದೆ ಬೆರಳಿಗೆ ಚುಚ್ಚುವ ತರಿಗೆ ಕಾರ್ಖಾನೆಯವರು ಹಾಗೆನ್ನುತ್ತಾರೆ. ಪುಣೆ ಹತ್ತಿರದ ಭೋಸರಿಯ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಅವರು ತಯಾರಾದ ಬಿಡಿಭಾಗಗಳನ್ನು ಪರೀಕ್ಷಿಸುವ ಇನ್ಸ್‌ಪೆಕ್ಟರ್ ಆಗಿದ್ದರು. ಮಾಲು ಅವರ ಮೇಜು ದಾಟಿದ ಮೇಲೆಯೇ ಗೇಟು ದಾಟುತ್ತಿತ್ತು.

ಕಳೆದ ತಿಂಗಳು ತೀರಿಕೊಂಡರು. ನಿವೃತ್ತರಾಗಿ ಹೆಚ್ಚು ದಿನ ಆಗಿರಲಿಲ್ಲ. ಇಲ್ಲಿ ಅವರ ಹೆಸರು ಹಾಕುತ್ತಿಲ್ಲ. ಹಿಂದೊಮ್ಮೆ ನಮ್ಮ ಪತ್ರಿಕೆಗೆ ಕಾರ್ಮಿಕರ ಬಗ್ಗೆ ಲೇಖನ ಬರೆಯುವಾಗ ಅವರ ಹೆಸರು, ಫೋಟೋ ಹಾಕುತ್ತೇನೆ ಎಂದಿದ್ದೆ. ಒಪ್ಪಲಿಲ್ಲ. "ಹೆಸರ ಹಾಕಿದ್ರ ಮಂದಿ ಮನುಷ್ಯಾನ್ನ ನೋಡ್ತಾರ್ರಿ, ಮಾಲು ನೋಡಂಗಿಲ್ಲ. ನಂದೇನಿದ್ರೂ ಬರೇ ಶಿಕ್ಕಾ," ಎಂದಿದ್ದರು. ಪಾಸಾದ ಮಾಲಿನ ಮೇಲೆ ಒತ್ತುವ ಮೊಹರನ್ನು ಅವರು ಶಿಕ್ಕಾ ಎನ್ನುತ್ತಿದ್ದರು.

ಖಡಕಿ ಸ್ಟೇಷನ್ನಿಗೆ ಹತ್ತಿರದ ಒಂದೇ ಕಟ್ಟಡದಲ್ಲಿ ನಾವಿದ್ದೆವು. ಅವರು ಮೊದಲ ಮಹಡಿ, ನಾನು ಎರಡನೆಯದು. ಅವರು ಬೆಳಗಾವಿ ಕಡೆಯವರು, ಅವರ ಹೆಂಡತಿ ಧಾರವಾಡದವರು. ಆಕೆಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ನನ್ನನ್ನು ಅವರಿಬ್ಬರೂ ಹೆಸರಿನಿಂದ ಕರೆದದ್ದಿಲ್ಲ. ಪೇಪರ್‌ನವರು ಎಂದೇ ಕರೆಯುತ್ತಿದ್ದರು. ಅವರಿಗೆ ಒಬ್ಬಳೇ ಮಗಳು.

ಅವರದು ಕಾಯಂ ಸೆಕೆಂಡ್ ಶಿಫ್ಟ್. ಮಧ್ಯಾಹ್ನ ಎರಡಕ್ಕೆ ಮನೆ ಬಿಟ್ಟು, ಲೋಣಾವಳಾ ಕಡೆಗೆ ಹೋಗುವ ಲೋಕಲ್ ಹಿಡಿದು ಕಾಸರವಾಡಿಯಲ್ಲಿ ಇಳಿದು, ಅಲ್ಲಿಂದ ರಿಕ್ಷಾದಲ್ಲಿ ಭೋಸರಿಗೆ ಹೋಗುತ್ತಿದ್ದರು. ಮರಳುವ ಹೊತ್ತಿಗೆ ಮನೆಯವರು ಮಲಗಿರುತ್ತಿದ್ದರು. ಆ ಶಿಫ್ಟಿಗೆ ಇನ್ಸ್‌ಪೆಕ್ಟರ್ ಆಗಿ ಬರಲು ಬೇರೆ ಯಾರೂ ತಯಾರಿರಲಿಲ್ಲ. ಒಪ್ಪಿಕೊಂಡ ಇವರನ್ನು ಕಂಪನಿ ಕೊನೆಯವರೆಗೂ ಬಿಡಲಿಲ್ಲ. ವಾರದ ರಜೆ ಗುರುವಾರ. ಭೋಸರಿ, ಪಿಂಪ್ರಿ ಕಡೆಯ ಕಾರ್ಖಾನೆಗಳಿಗೆಲ್ಲ ರಜೆ ಗುರುವಾರವೇ. ಆ ದಿನ ಅಲ್ಲಿ ಯಂತ್ರಗಳಿಗೆ ವಿದ್ಯುತ್ ಇರುವುದಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಮಗಳು ನಾಲ್ಕನೆಯ ತರಗತಿಯಲ್ಲಿದ್ದಳು. ಅದು ಬೆಳಗಿನ ಹೊತ್ತು ನಡೆಯುವ ಪ್ರಾಥಮಿಕ ಶಾಲೆ. ಮಧ್ಯಾಹ್ನದ ಊಟಕ್ಕೆ ಅವಳು ಮನೆಗೆ ಬರುತ್ತಿದ್ದಳು. ಅವಳು ಬಂದು ಅವರು ಹೊರಡುವ ತನಕದ ಹೊತ್ತು ಅಪ್ಪ ಮಗಳದು. ಕೂಡಿ ಉಣ್ಣುತ್ತಿದ್ದರು, ಆಮೇಲೆ ಮೆಟ್ಟಿಲ ಮೇಲೆ ಕೂತು ಚೌಕಾಬಾರಾ ಆಡುತ್ತಿದ್ದರು. ಕವಡೆಯ ಸದ್ದು ನಮ್ಮ ಮನೆಗೆ ಕೇಳುತ್ತಿತ್ತು. ಅವಳು ಮೋಸ ಮಾಡುತ್ತಿದ್ದಳು, ಅವರು ಕಂಡೂ ಬಿಡುತ್ತಿದ್ದರು.

ಐದನೆಯ ತರಗತಿಗೆ ಹೈಸ್ಕೂಲು ಇರುವ ದೊಡ್ಡ ಶಾಲೆಗೆ ಸೇರಿಸಬೇಕಿತ್ತು. ಕ್ಯಾಥೊಲಿಕ್ ಶಾಲೆಯೇ ಆಗಬೇಕೆಂಬುದು ವೈನಿಯ ತೀರ್ಮಾನ. ಅವರು ಚಿಕ್ಕವರಿದ್ದಾಗ ಧಾರವಾಡದಲ್ಲಿ ಸಿಸ್ಟರ್‌ಗಳ ಶಾಲೆಯಲ್ಲಿ ಒಂದೆರಡು ವರ್ಷ ಓದಿದ್ದರು. "ಸಿಸ್ಟರ್ ಕೈಯಾಗ ಕಲತ ಹುಡಿಗೀರು ಯಾರ ಮುಂದನೂ ನೆಟ್ಟಗ ನಿಂತು ಮಾತಾಡ್ತಾರ್ರಿ," ಎನ್ನುತ್ತಿದ್ದರು. ಇವರಿಗೆ ಅದರಲ್ಲಿ ತಕರಾರು ಇರಲಿಲ್ಲ. ಅವರ ಚಿಂತೆ ಬೇರೆ. ದೊಡ್ಡ ಶಾಲೆಗಳು ಇಡೀ ದಿನದವು. ಅವರು ಏಳುವ ಮುಂಚೆ ಮಗಳು ಹೋಗಿರುತ್ತಾಳೆ, ಅವಳು ಬರುವ ಮುಂಚೆ ಅವರು ಹೊರಟಿರುತ್ತಾರೆ. ಭಾನುವಾರ ಅವಳಿಗೆ ರಜೆ, ಅವರಿಗೆ ಕೆಲಸ. ಗುರುವಾರ ಅವರಿಗೆ ರಜೆ, ಅವಳಿಗೆ ಶಾಲೆ. ಆ ದಿನ ಸಂಜೆ ಸಿಗುವ ಹೊತ್ತಿನಲ್ಲಿ ಹೋಂವರ್ಕು, ಊಟ, ನಿದ್ದೆ.

"ಪೇಪರ್‌ನವರ, ಇನ್ಮ್ಯಾಲೆ ನಮ್ಮ ಹುಡಿಗೀನ್ನ ನಾ ಫೋಟೋದಾಗ ನೋಡಬೇಕು ನೋಡ್ರಿ," ಎಂದು ಒಂದು ದಿನ ನಕ್ಕರು. ಶಿಫ್ಟು ಬದಲಿಸಿಕೊಡಿ ಎಂದು ಕೇಳಿ ಇಲ್ಲ ಅನ್ನಿಸಿಕೊಂಡು ಬಂದಿದ್ದರೆಂದು ನನಗೆ ಆಮೇಲೆ ಗೊತ್ತಾಯಿತು.

ಆ ವರ್ಷ ಅವರು ತಮ್ಮ ಗುರುವಾರಗಳನ್ನು ಶಾಲೆಗಳ ಗೇಟಿನ ಮುಂದೆ ಕಳೆದರು. ಉಳಿದ ತಂದೆತಾಯಿ ಶಾಲೆಯ ಆಫೀಸಿಗೆ ಹೋಗಿ ವಿಚಾರಿಸುತ್ತಾರೆ. ಇವರು ಒಳಗೆ ಕಾಲಿಡುತ್ತಿರಲಿಲ್ಲ. ಶಾಲೆ ಬಿಡುವ ಹೊತ್ತಿಗೆ ರಸ್ತೆಯ ಆಚೆ ಬದಿ ನಿಂತು ಮಕ್ಕಳು ಹೇಗೆ ಹೊರಗೆ ಬರುತ್ತಾರೆಂದು ನೋಡುತ್ತಿದ್ದರು. ಯಾಕೆಂದು ಕೇಳಿದೆ. "ಹೆಡ್‌ಮಿಸ್ಟ್ರೆಸ್ ಆಫೀಸಿನಾಗ ಎಲ್ಲಾ ಛಲೋನ ಇರ್ತದ್ರಿ. ಕಂಪನಿ ನೋಡಾಕ ಬಂದವರಿಗೆ ನಾವೂ ಮೊದಲ ಗಾರ್ಡನ್ ತೋರಸ್ತೀವಿ. ಮಾಲು ಹೊರಗ ಬರೂವಾಗ ನೋಡಬೇಕು."

ಅವರ ತೀರ್ಪುಗಳು ಚಿಕ್ಕವು. ಒಂದು ಶಾಲೆಯ ಬಗ್ಗೆ, "ಮೂಲಿ ತಿರುಗೂತನಕ ಒಂದು ಹುಡುಗೂ ಬಾಯಿ ಬಿಡಂಗಿಲ್ಲ. ಮೂಲಿ ತಿರುಗಿದ ಕೂಡಲೆ ಎಲ್ಲಾ ಒಮ್ಮೆಲೇ ಒದರ್ತಾವ. ಬ್ಯಾಡ," ಎಂದರು. ಪಿಂಪ್ರಿ ಕಡೆಯ ಇನ್ನೊಂದರ ಬಗ್ಗೆ, "ಹುಡಿಗೀರು ಜಗಳಾಡಿಕೋತ ಹೊರಗ ಬರ್ತಾರ. ಛಲೋ ಸಾಲಿ." ಜಗಳ ಒಳ್ಳೆಯದು ಹೇಗೆ ಎಂದು ಕೇಳಿದರೆ, ಒಳಗೆ ಹೆದರಿಕೆ ಇದ್ದರೆ ಜಗಳ ಗೇಟಿನ ತನಕ ಬರುವುದಿಲ್ಲ ಎಂದು ಉತ್ತರ.

ಒಮ್ಮೆ ಹುಡುಗಿಯರ ಶಾಲೆಯ ಮುಂದೆ ಹೀಗೆ ನಿಂತದ್ದಕ್ಕೆ ವಾಚ್‌ಮನ್ ಪೊಲೀಸರನ್ನು ಕರೆದ. ಚೌಕಿಗೆ ಒಯ್ದು, ನಿನ್ನ ಕೆಲಸ ಏನು ಎಂದು ಕೇಳಿದರಂತೆ. ಇನ್ಸ್‌ಪೆಕ್ಟರ್ ಎಂದರಂತೆ. ಹವಾಲ್ದಾರ ಎದ್ದು ಕುರ್ಚಿ ಕೊಟ್ಟ. ಯಾವ ಠಾಣೆ ಎಂದು ಕೇಳಿ, ಉತ್ತರ ಕೇಳಿಸಿಕೊಂಡು, ಕುರ್ಚಿ ವಾಪಸು ಪಡೆದ. ಅಲ್ಲಿಂದ ನನ್ನ ಆಫೀಸಿಗೆ ಫೋನ್ ಬಂದು ನಾನು ಹೋಗಿ ಕರೆತಂದೆ. ದಾರಿಯಲ್ಲಿ ಅವರು ಆ ವಾಚ್‌ಮನ್‌ನನ್ನು ಹೊಗಳಿದರು. ಅವನು ಮಾಡಿದ್ದು ಸರಿ, ಆ ಶಾಲೆಯ ಗೇಟಿನ ಮಟ್ಟಿಗೆ ಪಾಸು ಎಂದರು.

ಈ ಸುದ್ದಿ ಹರಡಿತು. ನಮ್ಮ ಕಡೆಯಿಂದ ಬಂದು ಪುಣೆಯಲ್ಲಿ ನೆಲೆಸಿದ ಬಟ್ಟೆ ಅಂಗಡಿಯವರು, ಕಚೇರಿ ಗುಮಾಸ್ತರು ಗುರುವಾರ ಸಂಜೆ ಮಕ್ಕಳನ್ನು ಕರೆದುಕೊಂಡು ಅವರ ಮನೆಗೆ ಬರತೊಡಗಿದರು. ಯಾವ ಕಾನ್ವೆಂಟ್ ಆದೀತು ಎಂದು ಕೇಳುವವರು. ಅವರು ಮಗುವನ್ನು ಸ್ವಲ್ಪ ಹೊತ್ತು ನೋಡಿ ಒಂದು ಶಾಲೆಯ ಹೆಸರು ಹೇಳುತ್ತಿದ್ದರು. ನನ್ನ ಮಗನೂ ಅವರು ಹೇಳಿದ ಶಾಲೆಗೇ ಹೋದ. ಅವನಿಗೆ ಅಲ್ಲಿ ಯಾವ ತೊಂದರೆಯೂ ಆಗಲಿಲ್ಲ. ನನಗೆ ತಿಳಿದಂತೆ ಅವರು ಹೇಳಿದ ಯಾವ ಶಾಲೆಯ ಬಗ್ಗೆಯೂ ಯಾರೂ ದೂರಲಿಲ್ಲ.

ಅವರ ಮಗಳಿಗೆ ಮಾತ್ರ ಶಾಲೆ ಗೊತ್ತಾಗಿರಲಿಲ್ಲ. ಪಿಂಪ್ರಿಯ ಆ ಜಗಳದ ಶಾಲೆಗೆ ಹೆಚ್ಚುಕಡಿಮೆ ಒಪ್ಪಿದ್ದರು. ಅಷ್ಟರಲ್ಲಿ ಪುಣೆಯ ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಇನ್ನೊಂದು ಶಾಲೆ ಇದೆ, ಹಳೆಯದು, ಹೆಸರು ದೊಡ್ಡದು ಎಂದು ಯಾರೋ ವೈನಿಗೆ ಹೇಳಿದರು. ಇವರು ಗುರುವಾರ ಹೋಗಿ ನಿಂತರು. ಗೇಟು ಮುಚ್ಚಿತ್ತು. ಯಾರೂ ಹೊರಗೆ ಬರಲಿಲ್ಲ. ಏನೋ ಹಬ್ಬವಿರಬೇಕೆಂದು ಮುಂದಿನ ಗುರುವಾರ ಮತ್ತೆ ಹೋದರು. ಮತ್ತೆ ಮುಚ್ಚಿತ್ತು. ಅಂಗಳದಲ್ಲಿ ಗಿಡಗಳಿಗೆ ನೀರು ಹಾಕುತ್ತಿದ್ದ ಒಬ್ಬ ಸಿಸ್ಟರ್ ಗೇಟಿನ ಬಳಿ ಬಂದರು. ಇವರ ಮುರುಕು ಮರಾಠಿ ಕೇಳಿ ಕನ್ನಡದಲ್ಲೇ ಮಾತಾಡಿದರು. ಮಂಗಳೂರಿನವರು.

"ಎಂತ ಬೇಕಿತ್ತು? ಹೋದ ವಾರವೂ ನಿಂತಿದ್ದಿರಲ್ಲ," ಎಂದು ಕೇಳಿದರಂತೆ.

ಸಾಲಿ ಬಿಡೂದು ನೋಡಾಕ ಬಂದೀನ್ರಿ ಎಂದರಂತೆ ಇವರು.

"ಗುರುವಾರ ನಮ್ಮಲ್ಲಿ ಶಾಲೆಯೇ ಇಲ್ಲ. ಗುರುವಾರ, ಭಾನುವಾರ ಎರಡು ದಿನ ರಜೆ. ಫ್ರಾನ್ಸಿನಿಂದ ಬಂದ ಸಿಸ್ಟರ್‌ಗಳು ಶುರು ಮಾಡಿದ್ದು ಇದು, ಅವರ ಕಾಲದ ಕ್ರಮ. ಹಾಗೇ ಉಳಿದಿದೆ."

ಅಂದು ಅವರು ಮನೆಗೆ ಹೋಗದೆ ನೇರವಾಗಿ ಎರಡನೆಯ ಮಹಡಿಗೆ ಬಂದರು. ನನಗೂ ಆ ವಾರ ಗುರುವಾರವೇ ರಜೆ ಇತ್ತು. ಕೂರುವ ಮುಂಚೆಯೇ ಹೇಳಿದರು. "ಗುರುವಾರ ಸೂಟಿ ಅದ್ರಿ ಅಲ್ಲಿ."

ಮಕ್ಕಳು ಹೇಗಿದ್ದಾರೆ ಎಂದು ಕೇಳಿದೆ.

"ನೋಡಿಲ್ರಿ. ಗುರುವಾರ ಮುಚ್ಚಿರ್ತದ, ಉಳದ ದಿನ ಆ ಹೊತ್ತಿಗೆ ನಾ ಕಂಪನ್ಯಾಗ ಇರ್ತೀನಿ."

ಒಂದು ದಿನ ರಜೆ ಹಾಕಿ ನೋಡಿ ಬರಬಹುದಲ್ಲ ಎಂದೆ. ಅವರು ಚಹಾದ ಬಸಿಯ ಅಂಚಿನ ಮೇಲೆ ಹೆಬ್ಬೆರಳು ಎಳೆದರು.

"ನೋಡಿದ್ರ ಏನರ ಬರ್ ಸಿಗ್ತದ್ರಿ," ಎಂದರು. "ನೋಡಾಕ ಹೋಗಂಗಿಲ್ಲ."

ಮಗಳನ್ನು ಅಲ್ಲಿಗೇ ಸೇರಿಸಿದರು. ಸಂದರ್ಶನಕ್ಕೆ ಮೂವರೂ ಹೋದರು. ಅದೇ ಸಿಸ್ಟರ್ ಆ ಶಾಲೆಯ ಮುಖ್ಯಸ್ಥರು. ಹುಡುಗಿ ನೆಟ್ಟಗೆ ನಿಂತು ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳೆಂದು ವೈನಿ ಕಟ್ಟಡದವರಿಗೆಲ್ಲ ಪೇಢೆ ಹಂಚಿದರು. ಕೇಳಲು ಬಂದ ಕನ್ನಡದವರಿಗೆ ಇವರು ಆ ಶಾಲೆಯ ಶಿಸ್ತು, ಇಂಗ್ಲಿಷು, ಫಲಿತಾಂಶ ಎಂದು ಏನೇನೋ ಕಾರಣ ಹೇಳಿದರು. ನಿಜವಾದ ಕಾರಣ ಅವರ ಮನೆಯವರಿಗೆ ಮತ್ತು ನನಗೆ ಗೊತ್ತಿತ್ತು.

ಐದು, ಆರು, ಏಳನೆಯ ತರಗತಿಯ ಗುರುವಾರಗಳು ಅವರಿಗೆ ಸಿಕ್ಕವು. ಅಪ್ಪ ಮಗಳು ಬೆಳಗಿನ ಲೋಕಲ್ ಹಿಡಿದು ಲೋಣಾವಳಾಕ್ಕೆ ಹೋಗಿ ಮಧ್ಯಾಹ್ನದ ಗಾಡಿಗೆ ಮರಳುತ್ತಿದ್ದರು. ಗುರುವಾರ ಆ ಗಿರಿಧಾಮದಲ್ಲಿ ಮುಂಬೈಯವರ ಗದ್ದಲ ಇರುವುದಿಲ್ಲ. ಚಿಕ್ಕಿ ಅಂಗಡಿಯವನು ಇವರನ್ನು ಕಂಡರೆ ತುಂಡಾದ ಚಿಕ್ಕಿಯನ್ನು ಸುಮ್ಮನೆ ಕೈಗೆ ಹಾಕುತ್ತಿದ್ದ. ಮಳೆ ಜೋರಿದ್ದರೆ ಸ್ಟೇಷನ್ ಬಿಟ್ಟು ಹೊರಗೇ ಹೋಗದೆ ಬೆಂಚಿನ ಮೇಲೆ ಕೂತು ತಂದದ್ದನ್ನು ತಿಂದು ಬರುತ್ತಿದ್ದರು. ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ದಾರಿಯುದ್ದಕ್ಕೂ ಅವಳು ಶಾಲೆಯ ಕಥೆ ಹೇಳಿದಳು. ಒಬ್ಬ ಗೆಳತಿಯ ಅಪ್ಪನಿಗೆ ಕ್ಯಾಂಪಿನಲ್ಲಿ ಬೇಕರಿ ಇತ್ತು. ಆ ಮನೆಯಲ್ಲಿ ಒಂದು ಕಪ್ಪು ಬೆಕ್ಕಿತ್ತು, ಬಿಸ್ಕೀಟು ಬಿಟ್ಟು ಬೇರೆ ತಿನ್ನುತ್ತಿರಲಿಲ್ಲ. ಅವರು ಆ ಬೆಕ್ಕಿನ ಬಗ್ಗೆ ಪ್ರಶ್ನೆ ಕೇಳುತ್ತ ಹೋದರು. ಬಣ್ಣ ಪೂರಾ ಕಪ್ಪೇ? ಹಾಲು ಕುಡಿಯುವುದಿಲ್ಲವೆ? ಅವಳು ಎಲ್ಲದಕ್ಕೂ ಉತ್ತರ ಕೊಟ್ಟಳು.

ಆಮೇಲೆ ಕಾರ್ಖಾನೆಗಳಿಗೆ ಕೆಟ್ಟ ಕಾಲ ಬಂತು. ಬೇಡಿಕೆ ಇಳಿದು, ಭೋಸರಿಯ ಹಲವು ಕಡೆ ವಾರದ ನಡುವೆ ಲೇ-ಆಫ್ ಕೊಡತೊಡಗಿದರು. ಇವರಿಗೂ ಒಂದು ಸೋಮವಾರ ಮನೆಯಲ್ಲೇ ಇರಲು ಹೇಳಿದರು. ಬೇರೆ ಕೆಲಸವಿಲ್ಲದೆ ಅವರು ಕ್ಯಾಂಪಿಗೆ ಹೋಗಿ ಶಾಲೆ ಬಿಡುವ ಹೊತ್ತಿಗೆ ಗೇಟಿನ ಎದುರು ನಿಂತರು. ಮಗಳನ್ನು ಕರೆದುಕೊಂಡು ಬರುವುದು ಅವರ ಉದ್ದೇಶವಾಗಿತ್ತು. ನೋಡುವುದಲ್ಲ.

ಅವರು ನೋಡಿದ್ದನ್ನು ನನಗೆ ಮರುದಿನ ಮೆಟ್ಟಿಲ ಮೇಲೆ ಹೇಳಿದರು. ಹುಡುಗಿಯರು ಗುಂಪುಗುಂಪಾಗಿ ಬಂದರು. ಮಾತಾಡಿಕೊಂಡೇ ಬಂದರು. ಆ ಮಟ್ಟಿಗೆ ಶಾಲೆಯಲ್ಲಿ ದೋಷ ಕಾಣಲಿಲ್ಲ. ಎಲ್ಲರೂ ಹೋದ ಮೇಲೆ ಅವರ ಮಗಳು ಒಬ್ಬಳೇ ಬಂದಳು. ಗೇಟಿನ ಒಳಗೆ ಒಂದು ನಲ್ಲಿಯಿತ್ತು. ಅಲ್ಲಿ ನಿಂತು ಮುಖ ತೊಳೆದಳು. ಕರವಸ್ತ್ರದಿಂದ ಕಣ್ಣು ಒತ್ತಿಕೊಂಡಳು. ಮತ್ತೆ ತೊಳೆದಳು. ಜಡೆಯ ರಿಬ್ಬನ್ ಬಿಚ್ಚಿ ಕಟ್ಟಿಕೊಂಡಳು. ಸ್ವಲ್ಪ ಹೊತ್ತು ಗೋಡೆಗೆ ಮುಖ ಮಾಡಿ ನಿಂತಿದ್ದು, ಆಮೇಲೆ ತಿರುಗಿ ಹೊರಗೆ ಬಂದಳು. ಆಗ ಅವಳ ಮುಖ ಗುರುವಾರಗಳಲ್ಲಿ ಇವರು ನೋಡುವ ಮುಖವೇ ಆಗಿತ್ತು.

"ಮಾಲು ನಮ್ಮ ಕೈಗೆ ಬರೂ ಮುಂಚೆ ಅಕೀನ ಎಲ್ಲಾ ತಿಕ್ಕಿ ತೀಡಿ ಕಳಸ್ತಾಳ್ರಿ," ಎಂದರು. ಅವಳ ಕಣ್ಣಿಗೆ ಬೀಳದೆ ಇನ್ನೊಂದು ದಾರಿಯಿಂದ ಮನೆಗೆ ಬಂದಿದ್ದರು.

ವಿಚಾರಿಸಬೇಕೆಂದು ನನ್ನನ್ನು ಕೇಳಿಕೊಂಡರು. ನಮ್ಮ ಪತ್ರಿಕೆಯ ಜಾಹೀರಾತು ವಿಭಾಗದ ಒಬ್ಬರ ಮಗಳು ಅದೇ ತರಗತಿಯಲ್ಲಿದ್ದಳು. ಅವಳ ಮೂಲಕ ತಿಳಿದದ್ದು ಇಷ್ಟು. ಹೊಡೆತ ಇರಲಿಲ್ಲ, ಬೈಗುಳ ಇರಲಿಲ್ಲ, ಸಿಸ್ಟರ್‌ಗಳು ಒಳ್ಳೆಯವರು. ತರಗತಿಯ ಹುಡುಗಿಯರು ಮೊದಲಿನಿಂದ ಒಟ್ಟಿಗೆ ಓದಿದವರು, ಕ್ಯಾಂಪಿನವರು, ಮನೆಯಲ್ಲೂ ಇಂಗ್ಲಿಷು ಮಾತಾಡುವವರು. ಇವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಮೊದಲ ವರ್ಷ ಇವಳ ಮಾತನ್ನು ಅಣಕಿಸುತ್ತಿದ್ದರು. ಆಮೇಲೆ ಅದನ್ನೂ ಬಿಟ್ಟರು. ಊಟದ ಹೊತ್ತಿಗೆ ಇವಳು ಒಬ್ಬಳೇ ಕೂರುತ್ತಿದ್ದಳು. ಬೇಕರಿಯವರ ಮಗಳು ಆ ತರಗತಿಯಲ್ಲಿ ಯಾರೂ ಇರಲಿಲ್ಲ.

ಸುದ್ದಿಯಾಗುವಂಥದ್ದು ಇದರಲ್ಲಿ ಏನೂ ಇರಲಿಲ್ಲ. ಅವರಿಗೆ ಹೇಳಿದೆ. ಬೆಕ್ಕಿನ ವಿಷಯ ಬಂದಾಗ ಅವರು, ಅದೂ ಇಲ್ಲೇನ್ರಿ ಎಂದರು.

ವೈನಿಗೆ ಅರ್ಧಮರ್ಧ ಗೊತ್ತಿತ್ತು. ದಿನ ಕಳೆದಂತೆ ಹೊಂದಿಕೊಳ್ಳುತ್ತಾಳೆ ಎಂದುಕೊಂಡಿದ್ದರು. ಅಪ್ಪನಿಗೆ ಹೇಳಬೇಡ ಎಂದು ಮಗಳು ಆಣೆ ಹಾಕಿಸಿಕೊಂಡಿದ್ದಳು. ಎಂಟನೆಯ ತರಗತಿಗೆ ಬೇರೆ ಶಾಲೆಗೆ ಸೇರಿಸುತ್ತೇನೆ ಎಂದು ಇವರು ಹೇಳಿದಾಗ ಅವಳು ಖಂಡಿತ ಬೇಡ ಎಂದಳು. ಏನೂ ತೊಂದರೆಯಿಲ್ಲ, ಅಲ್ಲೇ ಇರುತ್ತೇನೆ ಎಂದಳು. ಯಾಕೆ ಎಂದು ಒತ್ತಾಯಿಸಿ ಕೇಳಿದಾಗ, "ಆ ಸಾಲ್ಯಾಗ ಗುರುವಾರ ಸೂಟಿ ಇರಂಗಿಲ್ಲಲಾ ಅಪ್ಪಾ," ಎಂದಳಂತೆ.

ಆಗ ಅವರು ಒಂದು ಸುಳ್ಳು ಹೇಳಿದರು. ಕಂಪನಿಯವರು ರಜೆಯ ಪದ್ಧತಿ ಬದಲಾಯಿಸಿದ್ದಾರೆ, ಇನ್ನು ಮುಂದೆ ತನಗೆ ಗುರುವಾರ ರಜೆ ಇಲ್ಲ, ಯಾವ ದಿನ ಬರುತ್ತದೋ ಹೇಳಲಿಕ್ಕೆ ಬರುವುದಿಲ್ಲ ಎಂದರು. ಹಾಗಿದ್ದ ಮೇಲೆ ಆ ಶಾಲೆಯಾದರೂ ಒಂದೇ, ಈ ಶಾಲೆಯಾದರೂ ಒಂದೇ. ಹುಡುಗಿ ಒಪ್ಪಿದಳು.

ಲೀವಿಂಗ್ ಸರ್ಟಿಫಿಕೇಟ್ ತರಲು ನನ್ನನ್ನೂ ಕರೆದುಕೊಂಡು ಹೋದರು. ಕಾರಣ ಏನೆಂದು ಸಿಸ್ಟರ್ ಕೇಳಿದರು. ಯಾರಾದರೂ ಏನಾದರೂ ಅಂದರಾ? ಹೇಳಿ, ನಾನು ನೋಡುತ್ತೇನೆ ಎಂದರು. ಇವರು ಯಾರ ಮೇಲೂ ದೂರು ಹೇಳಲಿಲ್ಲ.

"ನಿಮ್ಮ ಸಾಲೀದು ತಪ್ಪಿಲ್ಲ ಸಿಸ್ಟರ್. ನಾ ನೋಡದ ಆರಿಸಿದ್ದೆ."

"ನೋಡಿದ್ದರೆ ಸೇರಿಸ್ತಿರಲಿಲ್ವಾ?"

"ಇಲ್ರಿ."

ಸಿಸ್ಟರ್ ಸಹಿ ಹಾಕಿದರು. ಹೊರಡುವಾಗ, ಒಳ್ಳೆ ಹುಡುಗಿ, ಸ್ವಲ್ಪ ಮೌನ ಅಷ್ಟೆ ಎಂದರು. ಮನೆಯಲ್ಲಿ ಅವಳ ಬಾಯಿ ನಿಲ್ಲುತ್ತಲೇ ಇರಲಿಲ್ಲ. ಇವರು ಹೌದ್ರಿ ಎಂದು ಕೈಮುಗಿದು ಹೊರಗೆ ಬಂದರು.

ಪಿಂಪ್ರಿಯ ಜಗಳದ ಶಾಲೆ ಅವಳಿಗೆ ಹಿಡಿಸಿತು. ಅಲ್ಲಿ ಅರ್ಧಕ್ಕರ್ಧ ಕಾರ್ಖಾನೆಯವರ ಮಕ್ಕಳು. ಕೆಲವೇ ವಾರಗಳಲ್ಲಿ ಗೆಳತಿಯರು ಮನೆಯ ತನಕ ಬರತೊಡಗಿದರು. ನಾನು ಅವರನ್ನು ಕಣ್ಣಾರೆ ಕಂಡೆ. ಇದನ್ನು ಬರೆಯುವುದು ಅಗತ್ಯ ಎಂದು ಬರೆಯುತ್ತಿದ್ದೇನೆ.

ಇವರ ಸುಳ್ಳನ್ನು ಮಾತ್ರ ನಡೆಸಿಕೊಂಡು ಹೋಗಬೇಕಿತ್ತು. ಗುರುವಾರ ಮಧ್ಯಾಹ್ನ ಮಗಳು ಶಾಲೆಯಿಂದ ಬರುವ ಮುಂಚೆ ಅವರು ಉಳಿದ ದಿನಗಳಂತೆಯೇ ಡಬ್ಬಿ ಹಿಡಿದು ಮನೆ ಬಿಡುತ್ತಿದ್ದರು. ನನ್ನ ಡೆಸ್ಕಿನ ಕೆಲಸ ಮಧ್ಯಾಹ್ನದ ಮೇಲೆ ಶುರುವಾಗುತ್ತಿದ್ದರಿಂದ ಆ ಹೊತ್ತಿಗೆ ನಾನೂ ಖಡಕಿ ಸ್ಟೇಷನ್ನಿನಲ್ಲಿ ಇರುತ್ತಿದ್ದೆ. ಒಂದು ಗುರುವಾರ ಅವರು ನನ್ನ ಕಡೆಯ ಪ್ಲಾಟ್‌ಫಾರ್ಮಿನಲ್ಲಿ, ಭೋಸರಿಗೆ ವಿರುದ್ಧ ದಿಕ್ಕಿಗೆ ಹೋಗುವ ಗಾಡಿಗಾಗಿ ನಿಂತಿದ್ದರು. ಎಲ್ಲಿಗೆ ಎಂದೆ. "ಡ್ಯೂಟಿಗೆ," ಎಂದು ನಕ್ಕು, ಆಮೇಲೆ ಇದೆಲ್ಲ ಹೇಳಿದರು.

ಶಿವಾಜಿನಗರದಲ್ಲಿ ಇಬ್ಬರೂ ಇಳಿಯುತ್ತಿದ್ದೆವು. ನಾನು ಆಫೀಸಿಗೆ ಹೋಗುತ್ತಿದ್ದೆ. ಅವರು ಕೋರ್ಟಿಗೆ ಹೋಗಿ ಸಂಜೆಯ ತನಕ ಹಿಂದಿನ ಬೆಂಚಿನಲ್ಲಿ ಕೂತು ಪರರ ಜಗಳ ಕೇಳುತ್ತಿದ್ದರು. ಬಾಡಿಗೆದಾರರ ದಾವೆಗಳಲ್ಲಿ ಅವರಿಗೆ ಆಸಕ್ತಿ ಹುಟ್ಟಿತ್ತು. ಯಾವ ವಕೀಲರು ಓದಿಕೊಂಡು ಬರುತ್ತಾರೆ, ಯಾರು ಬರುವುದಿಲ್ಲ ಎಂದು ನನಗೆ ಹೇಳುತ್ತಿದ್ದರು. ಕೋರ್ಟು ಮುಚ್ಚಿದ ಮೇಲೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ಡಬ್ಬಿ ಬಿಚ್ಚುತ್ತಿದ್ದರು. ಮಗಳು ಮಲಗಿದ ಮೇಲೆ ಮನೆ ಸೇರುತ್ತಿದ್ದರು. ಮನೆಯಲ್ಲೇ ಇರಿ, ಹುಡುಗಿಗೆ ಏನಾದರೊಂದು ಹೇಳಿದರಾಯಿತು ಎಂದು ವೈನಿ ಹಲವು ಸಲ ಹೇಳಿದರು. ನಾನೂ ಹೇಳಿದೆ. ರಜೆ ಮತ್ತೆ ಗುರುವಾರಕ್ಕೆ ಬಂತು ಎನ್ನಬಹುದಲ್ಲ ಎಂದೆ.

"ಹಂಗಾರ ಹಳೇ ಸಾಲಿಗೆ ಹೋಗ್ತೀನಿ ಅಂತ ಹಟ ಹಿಡದ್ರ?" ಎಂದರು. "ಅಕಿ ಅಂಥಾಕಿ ಅದಾಳ್ರಿ."

ಎರಡು ಮೂರು ತಿಂಗಳಿಗೊಮ್ಮೆ ಮಾತ್ರ, ಈ ವಾರ ಸೂಟಿ ಗುರುವಾರ ಬಂದದ ಎಂದು ಮನೆಯಲ್ಲಿ ಉಳಿಯುತ್ತಿದ್ದರು. ಅದಕ್ಕಿಂತ ಹೆಚ್ಚಾದರೆ ಅನುಮಾನ ಬರುತ್ತದೆ ಎಂಬುದು ಅವರ ಲೆಕ್ಕ. ಹೀಗೆ ಅವಳ ಹತ್ತನೆಯ ತರಗತಿ ಮುಗಿಯುವ ತನಕ ನಡೆಯಿತು. ಆಮೇಲೆ ಅವಳು ಕಾಲೇಜಿಗೆಂದು ಶಿವಾಜಿನಗರಕ್ಕೇ ಹೋಗತೊಡಗಿದಳು. ಅವರು ಗುರುವಾರ ಮನೆಯಲ್ಲಿ ಉಳಿಯತೊಡಗಿದರು. ಆದರೆ ಅವಳಿಗೆ ಆಗ ಗೆಳತಿಯರು, ಕ್ಲಾಸು, ಪರೀಕ್ಷೆ.

ಈ ನಡುವೆ ಶಾಲೆ ಯಾವುದು ಆದೀತು ಎಂದು ಕೇಳಲು ಬರುವವರಿಗೆ ಅವರು ಹೆಸರು ಹೇಳುವುದನ್ನು ಬಿಟ್ಟಿದ್ದರು. "ನೋಡದ ಒಂದ್ ಮಾಲು ಪಾಸ್ ಮಾಡೀನ್ರಿ. ಇನ್ನ ನನ್ನ ಶಿಕ್ಕಾ ನಂಬಬ್ಯಾಡ್ರಿ," ಎನ್ನುತ್ತಿದ್ದರು. ಬಂದವರು ತಮಾಷೆ ಎಂದು ನಕ್ಕು, ಚಹಾ ಕುಡಿದು ಹೋಗುತ್ತಿದ್ದರು.

ಅವರು ತೀರಿದ ಹದಿಮೂರನೆಯ ದಿನದ ಊಟ ಮುಗಿದ ಮೇಲೆ ಮಗಳು ನನ್ನನ್ನು ಬಾಲ್ಕನಿಗೆ ಕರೆದಳು. ಈಗ ಅವಳು ಒಂದು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾಳೆ. ಒಳಗೆ ನೆಂಟರು ಮಾತಾಡುತ್ತಿದ್ದರು. ಅವಳು ದನಿ ತಗ್ಗಿಸಲಿಲ್ಲ.

"ಕಾಕಾ, ಗುರುವಾರ ಅಪ್ಪ ಎಲ್ಲಿ ಹೋಗ್ತಿದ್ರು?"

ನಿನಗೆ ಯಾರು ಹೇಳಿದರು ಎಂದು ಕೇಳಿದೆ.

"ಯಾರ್ಯಾಕ ಹೇಳಬೇಕು? ಪಿಂಪ್ರಿ ಸಾಲ್ಯಾಗ ಕಂಪನಿ ಮಂದಿ ಮಕ್ಕಳು ಭಾಳ. ಅವರ ಅಪ್ಪಂದಿರೆಲ್ಲಾ ಗುರುವಾರ ಮನ್ಯಾಗ ಇರ್ತಿದ್ರು. ಮೊದಲನೇ ವಾರದಾಗ ಗೊತ್ತಾತು."

ಕೋರ್ಟಿನ ಬೆಂಚು, ಬಾಡಿಗೆದಾರರ ದಾವೆ, ಶಿವಾಜಿನಗರ ಸ್ಟೇಷನ್, ಎಲ್ಲ ಹೇಳಿದೆ. ಮುಗಿದ ಮೇಲೆ, ಗೊತ್ತಾದಾಗ ಯಾಕೆ ಹೇಳಲಿಲ್ಲ ಎಂದು ನಾನು ಕೇಳಿದೆ.

"ಹೇಳಿದ್ರ ಮತ್ತ ಕ್ಯಾಂಪಿನ ಸಾಲಿಗೆ ಕಳಸ್ತಾರ ಅಂತ ಅಂಜಿಕಿ ಇತ್ತು ಕಾಕಾ," ಎಂದಳು. "ಒಂದೆರಡು ವರ್ಷ ಹೋದಮ್ಯಾಲೆ ಅಂಜಿಕಿ ಹೋತು. ಆದ್ರ ಅಷ್ಟೊತ್ತಿಗೆ ಹೆಂಗ ಹೇಳೂದು ಅಂತ ತಿಳೀಲಿಲ್ಲ."

ಒಳಗಿನಿಂದ ವೈನಿ ಅವಳನ್ನು ಕರೆದರು. ಬಂದೆ ಎಂದು ಅವಳು ಅಲ್ಲೇ ನಿಂತಳು.

"ನನಗ ಗೊತ್ತಿತ್ತು ಅಂತ ಅಪ್ಪಗ ಗೊತ್ತಿತ್ತೇನು?"

ಆ ವರ್ಷಗಳಲ್ಲಿ ಅವರು ನನಗೆ ಬೇರೆಲ್ಲ ಹೇಳಿದ್ದರು. ಇದನ್ನು ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಹೌದು ಎಂದರೆ ಅವಳಿಗೆ ಸಮಾಧಾನವಾಗುತ್ತಿತ್ತೋ, ಇಲ್ಲ ಎಂದರೆ ಆಗುತ್ತಿತ್ತೋ, ಅದೂ ನನಗೆ ತಿಳಿಯಲಿಲ್ಲ.

ನನಗೆ ಗೊತ್ತಿಲ್ಲ ಎಂದೆ. ಅವಳು ತಲೆಯಾಡಿಸಿ ಒಳಗೆ ಹೋದಳು.